ಎರಡು ಪಾಳಿಯ ಮನೆ

ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು, ಆದರೆ ಒಟ್ಟಿಗೆ ಇರುತ್ತಿರಲಿಲ್ಲ. ಜಗಳವಾಡಿ ದೂರವಾದವರಲ್ಲ, ಪಾಳಿ ಹಾಗಿತ್ತು. ಅವಳು ಬಟ್ಟೆ ಒಗೆಯುವ ಕಾರ್ಖಾನೆಯವಳು. ಬೆಳಕು ಹರಿಯುವ ಮುಂಚೆ ಹೊರಟರೆ ಮನೆ ಸೇರುವುದು ಮಧ್ಯಾಹ್ನ ಮೂರೂವರೆಗೆ. ಅವನು ದೊಡ್ಡದೊಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವನು. ಹನ್ನೆರಡಕ್ಕೆ ಹೊರಟರೆ ವಾಪಸು ಬರುವ ಹೊತ್ತಿಗೆ ಅವಳದು ಒಂದು ನಿದ್ದೆ ಆಗಿರುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಭಾನುವಾರ ಒಂದು ದಿನ ಎದುರುಬದುರು ಕೂತರೆ ಇಬ್ಬರಿಗೂ ಆಕಳಿಕೆ.

ಇಬ್ಬರ ನಡುವೆ ಒಂಬತ್ತು ವರ್ಷದ ಮಗಳು. ಹುಟ್ಟಿದ ನೆಲ ಬಿಟ್ಟು ಈ ದೇಶಕ್ಕೆ ಬಂದಾಗ ಅವಳಿಗಿನ್ನೂ ನಾಲ್ಕು. ಇಲ್ಲಿನ ಭಾಷೆಯನ್ನು ಅಪ್ಪ ಅಮ್ಮ ಕಲ್ಲು ಅಗಿದಂತೆ ಅಗಿಯುತ್ತಿದ್ದರೆ ಅವಳು ಬೆಲ್ಲ ಚಪ್ಪರಿಸಿದ ಹಾಗೆ ಕಲಿತುಬಿಟ್ಟಳು. ಮನೆ ಮಾಲೀಕರ ಹತ್ತಿರ, ಬ್ಯಾಂಕಿನಲ್ಲಿ, ಕಾಗದಪತ್ರದ ಕಚೇರಿಯಲ್ಲಿ, ಎಲ್ಲ ಕಡೆ ಮಾತು ಅವಳದೇ. ಕಚೇರಿಯ ಗಾಜಿನ ಕಿಂಡಿಗೆ ಅವಳ ತಲೆ ಎಟುಕುತ್ತಿರಲಿಲ್ಲ. ಅಪ್ಪ ಸೊಂಟದ ಮೇಲೆ ಎತ್ತಿ ಹಿಡಿಯಬೇಕು, ಅವಳು ವಾದ ಮಾಡಬೇಕು. ಒಂದು ಸಲ ಅಲ್ಲಿನ ಗುಮಾಸ್ತ ಅವಳಿಗೆ ಕೈಮುಗಿದು ಕಾಗದಕ್ಕೆ ಮುದ್ರೆ ಒತ್ತಿಕೊಟ್ಟ. ಅವತ್ತಿನಿಂದ ಅಪ್ಪ ಅವಳನ್ನು ಕರೆಯುವುದು "ಲಾಯರಮ್ಮ" ಅಂತಲೇ.

ಲಾಯರಮ್ಮನಿಗೆ ಮನೆಯೊಳಗೂ ಕೆಲಸವಿತ್ತು. ಅಪ್ಪನ ಮಾತು ಅಮ್ಮನಿಗೆ, ಅಮ್ಮನ ಮಾತು ಅಪ್ಪನಿಗೆ ದಾಟಿಸುವುದು. "ನಿಮ್ಮಮ್ಮನಿಗೆ ಹೇಳು, ಬಚ್ಚಲ ನಲ್ಲಿ ಸೋರ್ತಿದೆ, ಮೂರು ದಿನದಿಂದ ಹೇಳ್ತಿದೀನಿ ಅಂತ." "ನಿಮ್ಮಪ್ಪನಿಗೆ ಹೇಳು, ನನಗೇನು ನಾಲ್ಕು ಕೈ ಇಲ್ಲ ಅಂತ." ಹುಡುಗಿ ಎರಡೂ ಕಡೆಯ ಸಿಟ್ಟನ್ನು ಸೋಸಿ, ನಲ್ಲಿಯ ವಿಷಯವನ್ನಷ್ಟೇ ದಾಟಿಸುತ್ತಿದ್ದಳು. ಸೋಸಿದ ಚರಟ ಎಲ್ಲಿ ಹೋಗುತ್ತಿತ್ತೋ, ಯಾರೂ ಕೇಳಲಿಲ್ಲ.

ಅಮ್ಮನ ಕೆಲಸ ಇಸ್ತ್ರಿ ಯಂತ್ರದ ಮುಂದೆ. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬಂದ ಹಾಸಿಗೆ ಹೊದಿಕೆಗಳು ಒಗೆದು ಹಸಿಹಸಿಯಾಗಿ ಗುಡ್ಡೆ ಬೀಳುತ್ತಿದ್ದವು. ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದೊಂದು ತುದಿ ಹುಡುಕಿ, ಯಂತ್ರದ ಕ್ಲಿಪ್ಪಿಗೆ ಸಿಕ್ಕಿಸಬೇಕು. ಕಾದ ಉರುಳೆ ಅದನ್ನು ಸರ್ರನೆ ಎಳೆದುಕೊಂಡು ಆ ಕಡೆ ಗರಿಗರಿಯಾಗಿ ಉಗುಳುತ್ತಿತ್ತು. ಗೋಡೆಯ ಮೇಲೊಂದು ಹಲಗೆ. ಗಂಟೆಗೆ ಎಷ್ಟಾಯಿತು ಅಂತ ಕೆಂಪು ಅಂಕಿಗಳು ಅದರಲ್ಲಿ ಓಡುತ್ತಿದ್ದವು. ಅವಳ ಜೊತೆಗಾತಿ ಬೇರೊಂದು ದೇಶದಿಂದ ಬಂದ ಉದ್ದನೆಯ ಹೆಂಗಸು. ಅವಳ ಭಾಷೆ ಇವಳಿಗೆ ಬಾರದು, ಇವಳದು ಅವಳಿಗೆ ಬಾರದು. ಹುಬ್ಬು ಹಾರಿಸಿ, ಗದ್ದ ಅಲ್ಲಾಡಿಸಿ ಎರಡು ವರ್ಷ ಸಂಸಾರ ಮಾಡಿದ್ದರು.

ಮೇಲ್ವಿಚಾರಕನಿಗೆ ಇವಳು ಮನಸ್ಸಿನಲ್ಲೇ ಇಟ್ಟ ಹೆಸರು ಗಡಿಯಾರಪ್ಪ. ಅವನು ಬೈಯುವವನಲ್ಲ. ಪಾಯಖಾನೆಗೆ ಹೋಗಬೇಡ ಅಂತ ಒಂದು ದಿನವೂ ಅಂದವನಲ್ಲ. ಹೋದರೆ ಬಂದು ಖಾಲಿ ಜಾಗದಲ್ಲಿ ನಿಲ್ಲುತ್ತಿದ್ದ, ಕೈಗಡಿಯಾರ ನೋಡುತ್ತಿದ್ದ, ವಾಪಸು ಬಂದ ಮೇಲೆ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದ. ಅಷ್ಟೇ. ಒಬ್ಬಳು ಹೋದರೆ ಇನ್ನೊಬ್ಬಳ ಕೈಯೂ ನಿಂತಿತು, ಹಲಗೆಯ ಅಂಕಿ ಇಬ್ಬರದೂ ಬಿತ್ತು. ಹೀಗಾಗಿ ಅಲ್ಲಿನ ಹೆಂಗಸರೆಲ್ಲ ಒಂದು ಉಪಾಯ ಕಂಡುಕೊಂಡಿದ್ದರು. ಬೆಳಿಗ್ಗೆಯಿಂದ ನೀರು ಕುಡಿಯದಿದ್ದರಾಯಿತು. ಉರುಳೆಯ ಶಾಖಕ್ಕೆ ಒಳಗಿದ್ದದ್ದೂ ಬೆವರಾಗಿ ಹೋಗುತ್ತಿತ್ತು. ಒಂದು ದಿನ ಇವರ ಜೋಡಿ ಇಡೀ ಪಾಳಿಗೇ ಮೊದಲು ಬಂತು. ಅವತ್ತು ಸಂಜೆ ಅಪರೂಪಕ್ಕೆ ಗಂಡನಿಗೆ ಫೋನ್ ಮಾಡಿ ಹೆಮ್ಮೆಯಿಂದಲೇ ಹೇಳಿದ್ದಳು: "ಇವತ್ತು ಒಂದು ಸಲಾನೂ ಎದ್ದು ಹೋಗಲಿಲ್ಲ ಕಣ್ರೀ. ಗಡಿಯಾರಪ್ಪ ತಲೆ ಆಡಿಸಿದ." ಮಗಳು ಪಕ್ಕದಲ್ಲೇ ಕೂತು ಲೆಕ್ಕ ಮಾಡುತ್ತಿದ್ದಳು.

ಮನೆಗೆ ಬಂದರೂ ಆ ಹಲಗೆ ಅವಳ ತಲೆಯೊಳಗೆ ಓಡುತ್ತಲೇ ಇರುತ್ತಿತ್ತು. "ಬೇಗ ಬೇಗ" ಅನ್ನುವುದು ಅವಳಿಗೆ ಉಸಿರಾಟದ ಹಾಗೆ ಆಗಿಹೋಗಿತ್ತು. ಬೇಗ ಕೈತೊಳಿ, ಬೇಗ ತಿನ್ನು, ಬೇಗ ಬರಿ, ಬೇಗ ಮಲಗು. ಮಗಳು ಶಾಲೆಯ ಸುದ್ದಿ ಹೇಳಲು ಬಾಯಿ ತೆರೆದರೆ, "ಆಮೇಲೆ ಹೇಳುವಿಯಂತೆ." ಆ ಆಮೇಲೆ ಅನ್ನುವುದು ಬರುವಷ್ಟರಲ್ಲಿ ಅಮ್ಮನ ಕಣ್ಣು ಮುಚ್ಚಿಹೋಗಿರುತ್ತಿತ್ತು. ಹುಡುಗಿ ಹೇಳುವುದನ್ನೇ ಬಿಟ್ಟಳು. ಪುಣ್ಯಕ್ಕೆ ಒಳ್ಳೆಯ ಮಗು, ಹಟ ಇಲ್ಲ, ರಂಪ ಇಲ್ಲ ಅಂತ ಅಮ್ಮ ಅಂದುಕೊಂಡಳು.

ಒಂದು ಬುಧವಾರ, ಹನ್ನೆರಡೂವರೆಯ ವಿರಾಮ ಮುಗಿದು ತುಂಬ ಹೊತ್ತಾಗಿತ್ತು. ಗಡಿಯಾರಪ್ಪ ಬಂದು ಇವಳ ಭುಜ ಮುಟ್ಟಿದ. ಎಂದೂ ಮುಟ್ಟುವವನೇ ಅಲ್ಲ. ಕಿವಿಯ ಹತ್ತಿರ ಕೈಯಿಟ್ಟು ಫೋನಿನ ಸನ್ನೆ ಮಾಡಿ, ಅವಳಿಗೆ ತಿಳಿಯುವ ಎರಡು ಪದ ಹೇಳಿದ. ಮಗಳು. ಶಾಲೆ. ಅವಳು ಕಚೇರಿಗೆ ಓಡಿದಾಗ ಮೇಜಿನ ಮೇಲಿನ ಚೀಟಿಯಲ್ಲಿ ಕರೆ ಬಂದ ಸಮಯ ಬರೆದಿತ್ತು. ಒಂದೂಕಾಲು ಗಂಟೆ ಹಿಂದಿನದು. ಆ ಗಂಟೆಯ ಅಂಕಿ ಮುಗಿಯಲಿ ಅಂತ ಕಾದಿದ್ದರೋ, ಮರೆತಿದ್ದರೋ, ಕೇಳಲು ಅವಳಿಗೆ ಭಾಷೆಯೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಶಾಲೆಯಲ್ಲಿ ಹುಡುಗಿ ಬೆಂಚಿನ ಮೇಲೆ ಮುದುಡಿ ಮಲಗಿದ್ದಳು. ಮೇಲೆ ಯಾರದೋ ಕೋಟು. ಹಣೆ ಮುಟ್ಟಿದರೆ ಕಾದ ಹೆಂಚು. ಪಕ್ಕದಲ್ಲಿ ಕೂತಿದ್ದ ಮೇಡಂ ಏನೇನೋ ಹೇಳಿದರು. ಅಮ್ಮ ಅಭ್ಯಾಸಬಲದಿಂದ ಮಗಳ ಮುಖ ನೋಡಿದಳು. ಮಗಳು ಕಣ್ಣು ಮುಚ್ಚಿಕೊಂಡೇ ಅನುವಾದ ಮಾಡಿದಳು. "ಹೊಟ್ಟೆ ನೋವು ಅಂತ ಅತ್ತಳಂತೆ. ನಾನು ಅತ್ತಿಲ್ಲ ಅಮ್ಮ. ಡಾಕ್ಟರ ಹತ್ತಿರ ಈಗಲೇ ಹೋಗಬೇಕಂತೆ."

ಶಾಲೆಯಿಂದ ಎರಡು ಬೀದಿ ದಾಟಿದರೆ ಒಂದು ಚಿಕಿತ್ಸಾಲಯ. ಅಮ್ಮ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ನಡೆದಳು. ಎಷ್ಟು ದಿನವಾಗಿತ್ತು ಇವಳನ್ನು ಎತ್ತಿಕೊಂಡು! ಕಾಲು ನೆಲಕ್ಕೆ ತಾಗುವಷ್ಟು ಉದ್ದವಾಗಿದ್ದಾಳೆ, ಭಾರ ಮಾತ್ರ ಒಂದು ಮೂಟೆ ಹಸಿ ಬಟ್ಟೆಯಷ್ಟೂ ಇಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಹುಡುಗಿಯೇ ಬೆರಳು ತೋರಿಸಿ ಹೇಳಿದಳು. ಡಾಕ್ಟರು ನಕ್ಕು, ಹೊಟ್ಟೆ ಒತ್ತಿ ನೋಡಿ, ಪ್ರಶ್ನೆ ಶುರು ಮಾಡಿದರು.

"ಮೂತ್ರಕ್ಕೆ ಹೋದರೆ ಉರಿಯುತ್ತಾ ಅಂತ ಕೇಳ್ತಿದ್ದಾರೆ," ಅಂದಳು ಮಗಳು.

"ಉರಿಯುತ್ತೇನೇ?"

"ಹೂಂ. ತುಂಬಾ ದಿನದಿಂದ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಡಾಕ್ಟರು ಮತ್ತೇನೋ ಕೇಳಿದರು. ಈ ಸಲ ಹುಡುಗಿ ಅಮ್ಮನಿಗೆ ದಾಟಿಸದೆ ತಾನೇ ಉತ್ತರ ಕೊಟ್ಟಳು. ಉದ್ದವಾಗಿ, ಕಾಲು ಅಲ್ಲಾಡಿಸುತ್ತ, ನೆಲ ನೋಡುತ್ತ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ತಲೆಯೆತ್ತಿ ಅಮ್ಮನನ್ನು ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಆದರೂ ಅಮ್ಮ ಮಗಳ ಕಡೆ ತಿರುಗಿದಳು.

"ಏನಂದೆ ಅವರಿಗೆ?"

"ಏನಿಲ್ಲ, ಸುಮ್ನೆ."

ಡಾಕ್ಟರು ನೇರವಾಗಿ ಅಮ್ಮನಿಗೇ ಒಂದು ಪ್ರಶ್ನೆ ಹಾಕಿದರು. ಹುಡುಗಿ ಅದನ್ನು ದಾಟಿಸದೆ ಅಂಗಿಯ ಗುಂಡಿ ತಿರುಗಿಸುತ್ತ ಕೂತಳು. ಡಾಕ್ಟರು ಮೆಲ್ಲನೆ ಅದನ್ನೇ ಮತ್ತೊಮ್ಮೆ ಹೇಳಿ ಹುಡುಗಿಯ ಮಂಡಿ ತಟ್ಟಿದರು.

"ನಿನ್ನನ್ನ ಕೇಳ್ತಿದ್ದಾರೆ ಅಮ್ಮ. ಕೆಲಸದಲ್ಲಿ ನೀನು ದಿನಕ್ಕೆ ಎಷ್ಟು ಸಲ ಹೋಗ್ತೀಯ ಅಂತ."

"ನನ್ನ ವಿಷಯ ಯಾಕೀಗ? ಜ್ವರ ಬಂದಿರೋದು ನಿನಗೆ."

"ನಾನು ಹೇಳಿದೆ, ನಮ್ಮನೇಲಿ ಹಗಲು ಹೊತ್ತು ನೀರು ಕುಡಿಯಲ್ಲ ಅಂತ. ಕುಡಿದ್ರೆ ಹೋಗಬೇಕಾಗುತ್ತೆ, ಹೋದ್ರೆ ಕೆಲಸ ನಿಲ್ಲುತ್ತೆ, ಆಮೇಲೆ ಬರ್ಕೋತಾರೆ ಅಂತ."

"ಅದು ನನ್ನ ಕೆಲಸ ಕಣೆ! ನಿನಗೇನಾಗಿತ್ತು ಧಾಡಿ? ಶಾಲೇಲಿ ಯಾರು ಬರ್ಕೋತಾರೆ?"

"ಯಾರೂ ಇಲ್ಲ," ಅಂದಳು ಹುಡುಗಿ. "ಈಗಿಂದಾನೇ ಅಭ್ಯಾಸ ಮಾಡ್ಕೊಂಡ್ರೆ ದೊಡ್ಡವಳಾದ ಮೇಲೆ ಕಷ್ಟ ಆಗಲ್ಲ ಅಂತ."

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವ ಮಾತನ್ನು ಅಮ್ಮ ತಾನು ಹುಟ್ಟಿದಾಗಿನಿಂದ ಕೇಳಿದ್ದಳು. ಮದುವೆಮನೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ, ಯಾವಾಗಲೂ ಹೊಗಳಿಕೆಯಾಗಿ. ಅದು ಹೀಗೂ ಬಂದು ಮುಖಕ್ಕೆ ಹೊಡೆಯಬಹುದು ಅಂತ ಗೊತ್ತಿರಲಿಲ್ಲ. ಮಗಳ ಬೆವರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು, ಮತ್ತೆ ಸರಿಸಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದಳು. ಸ್ವಲ್ಪ ಯೋಚಿಸಿ ಅದನ್ನೂ ಮಡಚಿದಳು.

ಡಾಕ್ಟರು ಮಗಳ ಜೊತೆ ಅಮ್ಮನ ಕೈಗೂ ಒಂದು ಮೂತ್ರ ಪರೀಕ್ಷೆಯ ಡಬ್ಬಿ ಕೊಟ್ಟು ಪಾಯಖಾನೆಗೆ ಕಳಿಸಿದರು. ತಾಯಿಗೂ ಮಗಳಿಗೂ ಒಂದೇ ಸೋಂಕು, ಒಂದೇ ಮಾತ್ರೆ. ಅಮ್ಮನದು ದೊಡ್ಡದು, ಮಗಳದು ಚಿಕ್ಕದು. ಮಗಳನ್ನು ನೋಡಿಕೊಳ್ಳಲು ಮೂರು ದಿನ ರಜೆ ಬೇಕು ಅಂತ ಒಂದು ಪತ್ರ ಬರೆದರು. ಕೆಳಗೆ ಇನ್ನೆರಡು ಸಾಲು ಸೇರಿಸಿ, ಅಡಿಗೆರೆ ಎಳೆದು, ಹುಡುಗಿಯ ಕೈಯಲ್ಲೇ ಓದಿಸಿದರು. ಕೆಲಸದ ಹೊತ್ತಿನಲ್ಲಿ ಈ ಹೆಂಗಸಿಗೆ ನೀರು ಕುಡಿಯಲು, ಬೇಕೆಂದಾಗ ಎದ್ದು ಹೋಗಲು ಬಿಡಬೇಕು. ಹುಡುಗಿ ಅದನ್ನು ಓದಿ ಹೇಳುವಾಗ ಅಮ್ಮನಿಗೆ ನಾಚಿಕೆಯಾಯಿತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡವರ ಸಹಿ!

ಮರುದಿನ ಬೆಳಿಗ್ಗೆ ಗಂಡ ಎದ್ದಾಗ ಹೆಂಡತಿ ಒಲೆಯ ಮುಂದೆ ಇದ್ದಳು. ವಾರದ ನಡುವೆ ಬೆಳಗಿನ ಹೊತ್ತು ಅವಳನ್ನು ಮನೆಯಲ್ಲಿ ನೋಡಿ ವರ್ಷಗಳಾಗಿದ್ದವು. ಒಂದು ಗಳಿಗೆ ನೆಂಟರು ಯಾರೋ ಬಂದಿದ್ದಾರೆ ಅನ್ನುವ ಹಾಗೆ ಬಾಗಿಲಲ್ಲೇ ನಿಂತ. ಅವಳು ನಡೆದದ್ದನ್ನು ಹೇಳಿದಳು. ಅವನಿಗೆ ಮೊದಲು ಬಂದದ್ದು ಸಿಟ್ಟು.

"ಬಾಟಲಿ ತುಂಬಿಸಿ ಕಳಿಸ್ತೀಯಲ್ಲ ದಿನಾ, ಅವಳು ಕುಡೀತಾಳೋ ಇಲ್ವೋ ನೋಡೋದು ಬೇಡ್ವಾ?"

"ನಾನು ತುಂಬಿಸೋದಾ? ನಾನು ಹೋಗುವಾಗ ಅವಳಿನ್ನೂ ಮಲಗಿರ್ತಾಳೆ. ಬ್ಯಾಗು ಜೋಡಿಸೋರು ನೀವು."

"ನಾನು ಜೋಡಿಸುವಾಗ ಬಾಟಲಿ ತುಂಬೇ ಇರುತ್ತೆ. ಹಿಂದಿನ ದಿನವೇ ನೀನು ತುಂಬಿಸಿಟ್ಟಿರ್ತೀಯ ಅಂತ ನಾನು..."

ಅವನು ಎದ್ದು ಹೋಗಿ ಮಗಳ ಬ್ಯಾಗಿನಿಂದ ಬಾಟಲಿ ತೆಗೆದ. ಕತ್ತಿನವರೆಗೂ ನೀರಿತ್ತು. ಮುಚ್ಚಳ ತಿರುಗಿಸಿ ಮೂಸಿ ನೋಡಿದ. ಹಳಸಲು ವಾಸನೆ ಗಪ್ಪೆಂದು ಹೊಡೆಯಿತು. ಎಷ್ಟು ವಾರದ ನೀರೋ! ಅವಳು ತುಂಬಿಸಿದ್ದಾಳೆಂದು ಇವನು, ಇವನು ತುಂಬಿಸಿದ್ದಾನೆಂದು ಅವಳು. ಮಗು ಅದನ್ನು ದಿನಾ ಹೊತ್ತುಕೊಂಡು ಹೋಗಿ ದಿನಾ ಹೊತ್ತುಕೊಂಡು ಬಂದಿತ್ತು.

ಅವನು ನೀರನ್ನು ಚೆಲ್ಲಿ, ಬಾಟಲಿಯನ್ನು ತಿಕ್ಕತೊಡಗಿದ. ದಿನಕ್ಕೆ ಸಾವಿರ ತಟ್ಟೆ ತೊಳೆಯುವ ಕೈ. ಬೆರಳ ಸಂದಿಯೆಲ್ಲ ಸೋಪಿಗೆ ಬಿರಿದು ಬೆಳ್ಳಗಾಗಿತ್ತು. ಬಾಟಲಿ ಸ್ವಚ್ಛವಾದ ಮೇಲೂ ತಿಕ್ಕುತ್ತಲೇ ಇದ್ದ.

"ಸಾಕು ಬಿಡ್ರೀ, ತೂತು ಬಿದ್ದೀತು," ಅಂದಳು ಅವಳು.

"ಏನು ಮಾಡ್ತಿದೀವಿ ನಾವಿಬ್ರೂ?" ಅಂದ ಅವನು ಬೆನ್ನು ತಿರುಗಿಸಿಕೊಂಡೇ. "ಅವಳಿಗೋಸ್ಕರ ಅಂತ ತಾನೇ ಬಂದದ್ದು?"

ಬಂದಾಗಿದೆ, ವಾಪಸು ಹೋಗಿ ಅಲ್ಲೂ ಏನಿದೆ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಒರೆಸಿ ಇಟ್ಟಳು. "ಒಂದು ಕೆಲಸ ಮಾಡೋಣ. ಇನ್ನುಮೇಲೆ ನಮ್ಮ ನಮ್ಮ ಮಾತನ್ನ ಅವಳ ಕೈಲಿ ಹೇಳಿ ಕಳಿಸೋದು ಬೇಡ. ಚಹಾಕ್ಕೆ ಬಿಡ್ತಾರಲ್ಲ ನಿಮ್ಮನ್ನ, ಆಗ ನನಗೇ ಫೋನ್ ಮಾಡಿ. ಬೈಯೋದಿದ್ರೆ ನನ್ನನ್ನೇ ಬೈಯಿರಿ."

"ಹತ್ತು ನಿಮಿಷ ಬಿಡೋದು. ಪೂರ್ತಿ ಬೈಯೋಕೆ ಸಾಲಲ್ಲ," ಅಂದ. ಒಳಗೆ ಮಲಗಿದ್ದ ಮಗಳು ನಕ್ಕಳೋ ಕೆಮ್ಮಿದಳೋ, ಇಬ್ಬರೂ ಕಿವಿಗೊಟ್ಟರು.

ರಜೆ ಮುಗಿದ ಮೇಲೆ ಪತ್ರ ಹಿಡಿದು ಅವಳು ಗಡಿಯಾರಪ್ಪನ ಮುಂದೆ ನಿಂತಳು. ಮಗಳನ್ನು ಕರೆದುಕೊಂಡು ಬಂದು ಮಾತಾಡಿಸೋಣವೇ ಅಂತ ಒಂದು ಗಳಿಗೆ ಅನ್ನಿಸಿತ್ತು. ಬೇಡ, ಇಷ್ಟನ್ನಾದರೂ ತಾನೇ ಮಾಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಿಣಿಪಾಠ ಮಾಡಿಕೊಂಡು ಬಂದ ನಾಲ್ಕು ಮಾತಿನಲ್ಲಿ ಮೂರನ್ನು ಹೇಳಿದಳು. "ಡಾಕ್ಟರು. ನೀರು. ನನಗೆ ಬೇಕು." ನಾಲ್ಕನೆಯದು, ಪಾಯಖಾನೆಯ ಮಾತು, ಬಾಯಿಗೆ ಬರಲಿಲ್ಲ.

ಅವನು ಪತ್ರವನ್ನು ಎರಡು ಸಲ ಓದಿದ. ಜೇಬಿನಿಂದ ಎದೆಯುರಿ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ನೀರಿಲ್ಲದೆ ನುಂಗಿದ. ಅವನ ತಲೆಯ ಮೇಲೂ ಯಾರೋ ಒಬ್ಬ ಗಡಿಯಾರಪ್ಪ ಇರಬೇಕು ಅಂತ ಅವಳಿಗೆ ಅವತ್ತು ಮೊದಲ ಸಲ ಹೊಳೆಯಿತು. ಅದರಿಂದ ಅವನ ಮೇಲೆ ಕನಿಕರವೇನೂ ಬರಲಿಲ್ಲ. ಅವನು ಮೇಲಿನ ಕಚೇರಿಗೆ ಹೋಗಿ, ಬಂದು, ಯಂತ್ರದ ಕಡೆ ಬೇಡವೆಂದು ಕೈಯಾಡಿಸಿ, ಕಟ್ಟಡದ ಹಿಂದಿನ ತುದಿಯತ್ತ ಬೆರಳು ತೋರಿಸಿದ.

ಕೊಳೆ ವಿಭಾಗ. ಬಂದ ಮೂಟೆಗಳನ್ನು ಒಗೆಯುವ ಮೊದಲು ಬಿಚ್ಚಿ ವಿಂಗಡಿಸುವ ಜಾಗ. ರಕ್ತ, ವಾಂತಿ, ಇನ್ನೂ ಏನೇನೋ. ಯಾರೂ ಒಪ್ಪಿ ಹೋಗದ ಜಾಗ. ಸಂಬಳವೂ ಒಂದು ಮೆಟ್ಟಿಲು ಕೆಳಗೆ. ಬಾಣಲೆಯಿಂದ ಬೆಂಕಿಗೆ ಬಿದ್ದೆ ಅಂದುಕೊಂಡಳು. ಉದ್ದನೆಯ ಹೆಂಗಸು ತನ್ನ ತುದಿಯನ್ನು ಕೈಬಿಟ್ಟು, ಯಂತ್ರ ಓಡುತ್ತಿದ್ದಂತೆಯೇ ಬಂದು, ಇವಳನ್ನು ಎದೆಗೊತ್ತಿಕೊಂಡಳು. ಹಲಗೆಯ ಅಂಕಿ ಬಿದ್ದಿತು. ಗಡಿಯಾರಪ್ಪ ಬೇರೆ ಕಡೆ ನೋಡಿದ.

ಮೊದಲ ವಾರ ಅವಳಿಗೆ ಅನ್ನ ಸೇರಲಿಲ್ಲ. ಎರಡು ಜೊತೆ ಕೈಗವಸು, ಮೂಗಿಗೆ ಬಟ್ಟೆ, ಆದರೂ ಕೂದಲಲ್ಲಿ ಆ ವಾಸನೆ. ಆದರೆ ಅಲ್ಲಿ ಕೆಂಪು ಅಂಕಿಯ ಹಲಗೆ ಇರಲಿಲ್ಲ. ನಾತಕ್ಕೆ ಹೆದರಿ ಮೇಲಿನವರು ಯಾರೂ ಆ ಕಡೆ ತಲೆಹಾಕುತ್ತಿರಲಿಲ್ಲ. ನೀರಿನ ಕ್ಯಾನು ಬಾಗಿಲಲ್ಲೇ, ಪಾಯಖಾನೆ ಹತ್ತು ಹೆಜ್ಜೆಗೆ. ಮೂಟೆ ಬಿಚ್ಚಿದರೆ ಚಿತ್ರವಿಚಿತ್ರ ಸಾಮಾನು: ಕನ್ನಡಕ, ಒಂಟಿ ಕಾಲುಚೀಲ, ಅರ್ಧ ಓದಿದ ಪತ್ರ. ಒಂದು ದಿನ ಹೊದಿಕೆ ಕೊಡವಿದರೆ ಟಪ್ಪೆಂದು ಹಲ್ಲಿನ ಸೆಟ್ಟು ಬಿದ್ದು ನೆಲದ ಮೇಲೆ ಅವಳನ್ನೇ ನೋಡಿ ನಕ್ಕಿತು.

"ಇಡೀ ಸೆಟ್ಟಾ?" ಅಂತ ಕೇಳಿದಳು ಮಗಳು ಸಂಜೆ.

"ಮೇಲೂ ಕೆಳಗೂ. ಮೂವತ್ತೆರಡೂ ಇತ್ತೋ ಏನೋ, ಎಣಿಸಲಿಲ್ಲ."

"ಪಾಪ, ಆ ತಾತ ಊಟ ಹೇಗೆ ಮಾಡ್ತಾರೆ?"

"ಅಜ್ಜಿಯೂ ಇರಬಹುದು."

"ಅಜ್ಜಿ ಆದ್ರೆ ಬೈಯೋದು ಹೇಗೆ? ಹಲ್ಲಿಲ್ಲದೆ ಬೈದ್ರೆ ಎಲ್ಲಾ ಫೂ ಫೂ ಅನ್ನುತ್ತೆ." ಹುಡುಗಿ ತುಟಿ ಒಳಗೆಳೆದುಕೊಂಡು ಬೈದು ತೋರಿಸಿದಳು. ಅಮ್ಮ ಬಿದ್ದು ಬಿದ್ದು ನಕ್ಕಳು. ಪಕ್ಕೆ ನೋಯುವಷ್ಟು ನಕ್ಕು, ನಡುವೆ ಸೋತು ಗೋಡೆಗೆ ಒರಗಿದಳು.

ಎಲ್ಲವೂ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹುಡುಗಿ ಮಧ್ಯಾಹ್ನ ನೀರು ಕುಡಿದಳೇ ಅಂತ ಮೇಡಂ ಇನ್ನೂ ನೋಡಿಕೊಳ್ಳಬೇಕಿತ್ತು. ಶಾಲೆಯ ಸುದ್ದಿ ಒಮ್ಮೊಮ್ಮೆ ಹೇಳುತ್ತಿದ್ದಳು, ಒಮ್ಮೊಮ್ಮೆ ಅಮ್ಮನ ಮುಖ ಅಳೆದು ನೋಡಿ ಸುಮ್ಮನಾಗುತ್ತಿದ್ದಳು. ಗಂಡ ಚಹಾದ ಹೊತ್ತಿನಲ್ಲಿ ಫೋನ್ ಮಾಡುತ್ತಿದ್ದ. ಮೊದಲ ವಾರ ಇಬ್ಬರಿಗೂ ಏನು ಮಾತಾಡಬೇಕೆಂದೇ ತೋಚದೆ, ಪಾತ್ರೆಯ ಸದ್ದು ಕೇಳುತ್ತ ಕೂತರು. ಎರಡನೆಯ ವಾರ ಚೆನ್ನಾಗಿಯೇ ಜಗಳವಾಡಿದರು. ಕಾಗದಪತ್ರದ ಕಚೇರಿಗೆ ಅವನು ಒಬ್ಬನೇ ಹೋದ. ತಪ್ಪು ಅರ್ಜಿ ತುಂಬಿ ವಾಪಸು ಬಂದ, ಮರುವಾರ ಮತ್ತೆ ಹೋದ.

"ಬೇಗ ಬೇಗ" ಅನ್ನುವುದು ಅವಳ ನಾಲಿಗೆಯಿಂದ ಹೋಗಲಿಲ್ಲ. ದಣಿದ ಮೈ ಮನೆಯೊಳಗೆ ಕಾಲಿಟ್ಟ ಕೂಡಲೇ ಬಾಯಿ ತಾನಾಗಿ ಶುರುಮಾಡುತ್ತಿತ್ತು. ಅದಕ್ಕೊಂದು ದಾರಿ ಹುಡುಕಿಕೊಂಡಳು. ಮನೆಯಿರುವ ಮೂರನೆಯ ಮಹಡಿಗೆ ಹತ್ತುವ ಮುಂಚೆ ಎರಡನೆಯ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತುಬಿಡುವುದು. ಐದು ನಿಮಿಷ, ಕೆಲವು ದಿನ ಹತ್ತು. ಚಪ್ಪಲಿ ಬಿಟ್ಟು, ಕಾಲು ಚಾಚಿ, ಏನನ್ನೂ ಯೋಚಿಸದೆ.

ಒಂದು ದಿನ ಹಾಗೆ ಕೂತಿದ್ದಾಗ ಎರಡನೆಯ ಮಹಡಿಯ ಮುದುಕಿ ಬಾಗಿಲು ತೆರೆದು ನೋಡಿದಳು. ಇವಳ ಬೀಗದಕೈ ಕಳೆದಿದೆ ಅಂತ ತಿಳಿದಳೋ ಏನೋ, ಒಳಗೆ ಹೋಗಿ ಒಂದು ಸುತ್ತಿಗೆಯನ್ನೂ ತಂತಿಯನ್ನೂ ತಂದು ಮುಂದೆ ಹಿಡಿದಳು. ಇವಳು ಚೀಲದಿಂದ ಬೀಗದಕೈ ತೆಗೆದು ಅಲ್ಲಾಡಿಸಿ ತೋರಿಸಿದಳು. ಮುದುಕಿಗೆ ಅರ್ಥವಾಗಲಿಲ್ಲ. ಬೀಗದಕೈ ಇದ್ದೂ ಹೊರಗೆ ಕೂತಿದ್ದಾಳಲ್ಲ, ಗಂಡನ ಜೊತೆ ಜಗಳವೇ ಅನ್ನುವ ಹಾಗೆ ಎರಡು ಮುಷ್ಟಿ ಕುಟ್ಟಿ ತೋರಿಸಿದಳು. ಇವಳು ನಗುತ್ತ ಇಲ್ಲವೆಂದು ತಲೆಯಾಡಿಸಿ, ಕೆನ್ನೆಯ ಕೆಳಗೆ ಎರಡೂ ಅಂಗೈ ಜೋಡಿಸಿ, ಕಣ್ಣು ಮುಚ್ಚಿ ತೋರಿಸಿದಳು. ದಣಿವು. ಬರೀ ದಣಿವು ತಾಯಿ.

ಮುದುಕಿ ಸುತ್ತಿಗೆಯನ್ನು ಗೋಡೆಗೆ ಒರಗಿಸಿ, ಮಂಡಿ ಹಿಡಿದುಕೊಂಡು, ಉಸ್ಸೆನ್ನುತ್ತ ಅವಳ ಪಕ್ಕದ ಮೆಟ್ಟಿಲಲ್ಲೇ ಕೂತಳು. ಮೇಲಿನ ಮಹಡಿಯಲ್ಲಿ ಮಗಳು ಏನನ್ನೋ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಇಬ್ಬರೂ ಅದನ್ನು ಕೇಳುತ್ತ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದರು.